ಕಚ್ಚದೆ ಬಿಟ್ಟ ಹೆಬ್ಬಾತಿನ ಮೇಲೊಂದು ದೂರು

ಎಡಪ್ಪಳ್ಳಿ, ೧೯೫೮, ಶುಕ್ರವಾರ

ಯಜ್ಞನಾರಾಯಣರ ತೋಟದ ಕೊಳಕ್ಕೂ ಮನೆಗೂ ನಡುವಣ ದಾರಿಯ ಏಕಮಾತ್ರ ಅಧಿಕಾರಿಗಳಾದ ಗಂಡು ಹೆಬ್ಬಾತು ಮಹಾಶಯರಿಗೆ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ಇದು ಬರಿಯ ಉಪಚಾರದ ಮಾತಲ್ಲ. ಬಂದ ವಾರವೇ ತಾವು ಅಟ್ಟಿಸಿಕೊಂಡು ಬಂದಾಗ ಸಗಣಿಯ ರಾಶಿಯ ಮುಂದೆ ಅದನ್ನು ಸಲ್ಲಿಸಿದ್ದೇನೆ.

ಇಂದು ಬೆಳಿಗ್ಗೆ ಬಾತುಗೂಡಿನಿಂದ ಮೊಟ್ಟೆಯ ಬುಟ್ಟಿ ಹಿಡಿದು ಮರಳಿದವಳು ನೋಡಿಕೊಳ್ಳುತ್ತೇನೆ, ಸೀರೆಯ ಅಂಚು ಇಡಿಯಾಗಿದೆ. ತಾವು ದಾರಿಯ ನಡುವೆಯೇ ನಿಂತಿದ್ದಿರಿ. ಕುತ್ತಿಗೆ ಚಾಚಲಿಲ್ಲ, ಬುಸುಗುಟ್ಟಲಿಲ್ಲ, ಪಕ್ಕಕ್ಕೆ ಸರಿದು ಹುಲ್ಲು ಕೀಳತೊಡಗಿದಿರಿ. ಈ ಅಕ್ಷಮ್ಯ ಸೌಜನ್ಯದ ವಿರುದ್ಧವೇ ನನ್ನ ದೂರು.

ಸಾಹಿತ್ಯದಲ್ಲಿ ಬಿ.ಎ. ಮುಗಿಸಿ, ಆರು ತಿಂಗಳು ಇಲ್ಲೇ ಉಂಡು ಮಲಗಿ ಕೃಷಿ ಕಲಿಯುತ್ತೇನೆಂದು ತಿರುವನಂತಪುರದಿಂದ ಬಂದವಳು ನಾನು. ಭತ್ತ, ಬಾಳೆ, ಮರಗೆಣಸು, ಹಸು, ಬಾತು ಎಲ್ಲವೂ ಒಂದೇ ತೋಟದಲ್ಲಿರುವುದರಿಂದ ಎಲ್ಲ ತಪ್ಪುಗಳನ್ನೂ ಒಂದೇ ದಿನದಲ್ಲಿ ಮಾಡಿ ಮುಗಿಸುವ ಅನುಕೂಲ ಇಲ್ಲಿದೆ. ತಮ್ಮ ಬಂಧುಗಳಾದ ಹಂಸಗಳು ಹಾಲನ್ನೂ ನೀರನ್ನೂ ಬೇರ್ಪಡಿಸುತ್ತವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇನೆ. ತಾವು ಹಾಲು ನೀರಿನ ಗೊಡವೆಗೆ ಹೋಗದೆ ಮನೆಯವರನ್ನೂ ಹೊರಗಿನವರನ್ನೂ ಬೇರ್ಪಡಿಸುತ್ತೀರಿ: ಮನೆಯವರಿಗೆ ದಾರಿ, ಹೊರಗಿನವರಿಗೆ ಕೊಕ್ಕು. ಎರಡು ತಿಂಗಳು ನನ್ನ ಮೀನಖಂಡದ ಮೇಲೆ ದಿನಬೆಳಗಾದರೆ ಅದೇ ತೀರ್ಪು.

"ಓಡಿದರೆ ಅದು ಬಿಡ್ಲಿಕ್ಕುಂಟಾ ಮಾರಾಯ್ತಿ? ನಿಂತು ಒಮ್ಮೆ ಜೋರು ಮಾಡು. ಬಾಯಲ್ಲಿ ಎಂತ, ಬೆಲ್ಲ ಉಂಟಾ?" ಎಂದು ತಮ್ಮೊಡತಿ ಚಂದ್ರಾವತಿಯಮ್ಮ ನಗುತ್ತಿದ್ದರು. ಕಾಲೇಜಿನಲ್ಲಿ ಹಾಜರಿ ಹೇಳಿದರೂ ಕೇಳಿಸದೆ ಗೈರುಹಾಜರಾಗುತ್ತಿದ್ದ ಗಂಟಲು ಇದು. ತಮಗೆ ಹೇಳಲಾರದ್ದನ್ನೆಲ್ಲ ಅಪ್ಪನಿಗೆ ಬರೆದೆ. ಫಲವಾಗಿ ಅವರು ಭಾನುವಾರ ನನ್ನನ್ನು ಕರೆದೊಯ್ಯಲು ಬರುತ್ತಿದ್ದಾರೆ. ತಿರುವನಂತಪುರದ ಕಚೇರಿಯೊಂದರಲ್ಲಿ ಟೈಪು ಮಾಡುವ ಕೆಲಸವನ್ನೂ ನೋಡಿಟ್ಟಿದ್ದಾರೆ. ಅಲ್ಲಿ ಯಾರೂ ಕಚ್ಚುವುದಿಲ್ಲವೆಂದು ಭರವಸೆ ಕೊಟ್ಟಿದ್ದಾರೆ. ಇಷ್ಟು ವರ್ಷ ಕಚೇರಿಯಲ್ಲೇ ದುಡಿದವರು ಆ ಮಾತನ್ನು ಯಾವ ಧೈರ್ಯದಲ್ಲಿ ಬರೆದರೋ ತಿಳಿಯದು.

ನಿನ್ನೆ ಸಂಜೆ ತಾವು ಮೈಮೇಲೆ ಬಂದಾಗ ಎರಡೂ ಕೈಗಳಲ್ಲಿ ಹಾಲಿನ ಪಾತ್ರೆಗಳಿದ್ದು, ಓಡಲಾಗದೆ, "ಹೋಗು ಆಚೆ!" ಎಂದುಬಿಟ್ಟೆ. ಪಕ್ಕದ ಗದ್ದೆಯವರು ಗಾಬರಿಯಿಂದ "ಎಂದಾ ಮೋಳೇ?" ಎಂದು, ಮಗಳಿಗೇನಾಯಿತೆಂದು ಮಲಯಾಳದಲ್ಲಿ ವಿಚಾರಿಸಿದರು. ಚಂದ್ರಾವತಿಯಮ್ಮ ಅಡುಗೆಮನೆಯಿಂದ "ಯಾರದು ಕೂಗಿದ್ದು?" ಎಂದರು. ಅದು ನಾನೇ ಎಂದು ನಂಬಲು ನನಗೂ ತುಸು ಹೊತ್ತು ಹಿಡಿಯಿತು.

ಈಗ ನನ್ನ ಗತಿ ನೋಡಿ. ತಮ್ಮ ನ್ಯಾಯದಂತೆ ಇಂದಿನಿಂದ ನಾನು ಮನೆಯವಳು; ಇಲ್ಲಿಂದ ಹೋಗಲು ನನಗಿದ್ದ ಏಕೈಕ ಸಕಾರಣವನ್ನೂ ತಾವು ಕಸಿದುಕೊಂಡಿದ್ದೀರಿ. ಆದ್ದರಿಂದ ಒಂದೋ ಭಾನುವಾರ ಅಪ್ಪನೆದುರು ನನ್ನನ್ನು ಮೊದಲಿನಂತೆ ಕಚ್ಚಿ ನನ್ನ ಪತ್ರಗಳ ಮಾನ ಉಳಿಸಬೇಕು, ಇಲ್ಲವೇ ಇದುವರೆಗಿನ ಕಡಿತಗಳನ್ನೆಲ್ಲ ವಾಪಸು ಪಡೆದು ಕಾಲನ್ನು ಬಂದ ದಿನದಂತೆ ಮಾಡಿಕೊಡಬೇಕೆಂದು ವಿನಂತಿ. ಎರಡೂ ತಮ್ಮಿಂದಾಗದೆಂದು ಬಲ್ಲೆನಾದ್ದರಿಂದ ನನ್ನ ವ್ಯವಸ್ಥೆಯನ್ನು ನಾನೇ ಮಾಡಿಕೊಂಡಿದ್ದೇನೆ.

ಕಲೆಗಳು ಮಾಯುವವರೆಗೂ ತಮ್ಮ ವಿಶ್ವಾಸಿ,
ವಾರಿಜಾ

ಮರೆತ ಮಾತು: ಕಾವಿಗೆ ಕೂರಲು ಜಾಗ ಹುಡುಕುತ್ತಿದ್ದ ತಮ್ಮ ಶ್ರೀಮತಿಯವರಿಗೆ ನನ್ನ ಟ್ರಂಕನ್ನು ಬರಿದುಮಾಡಿ, ಒಣಹುಲ್ಲು ಹಾಸಿ ಕೊಟ್ಟಿದ್ದೇನೆ, ಮಧ್ಯಾಹ್ನವೇ ಕೂತಿದ್ದಾರೆ. ಮರಿಗಳು ಹೊರಬರುವವರೆಗೆ, ಏನಿಲ್ಲವೆಂದರೂ ಒಂದು ತಿಂಗಳು, ಅದನ್ನು ಅಲುಗಿಸಬಾರದಂತೆ. ಭಾನುವಾರ ಯಾರಾದರೂ ಆ ಟ್ರಂಕಿಗೆ ಕೈಹಾಕಿದರೆ ತಾವುಂಟು, ಅವರ ಪಂಚೆಯುಂಟು. ನಾನು ನಡುವೆ ಬರುವುದಿಲ್ಲ.