ಒಂದು ಗುಟುಕು ಹೆಂಡ

ಆವತ್ತು ಮುದುಕ ಆಖಿಗೆ ಒಂದೇ ಒಂದು ಗುಟುಕು ಹೆಂಡ ಬೇಕಾಗಿತ್ತು. ಊರಲ್ಲಿ ಒಂದು ಹನಿಯೂ ಇರಲಿಲ್ಲ. ಅನರ್ಥ ಶುರುವಾದದ್ದು ಅಲ್ಲಿಂದ.

ಚಪಲವೇನಲ್ಲ. ವರ್ಷಕ್ಕೊಮ್ಮೆ ಹಿಮದ ಬೆಟ್ಟ ದಾಟಿ ಬರುವ ಬಿಳಿಯ ಗುರುಗಳು ಅಂದು ಹೊಳೆಯಲ್ಲಿ ದೀಕ್ಷಾಸ್ನಾನ ಕೊಡುವವರಿದ್ದರು. ಕುಡಿದವರಿಗೆ ಕೊಡುತ್ತಿರಲಿಲ್ಲ. ಲೀಸು ಬುಡಕಟ್ಟಿನ ಆ ಹಳ್ಳಿಯಲ್ಲಿ ಎಲ್ಲರೂ ಮುಳುಗೆದ್ದಾಗಿತ್ತು. ಕೊಯ್ಲಾದ ಹೊಲದಲ್ಲಿ ಮರೆತುಬಿಟ್ಟ ಜೋಳದ ದಂಟಿನ ಹಾಗೆ ಆಖಿ ಒಬ್ಬನೇ ಉಳಿದಿದ್ದ. ಮೂರು ವರ್ಷದ ಹಿಂದೆ ಹೆಂಡತಿ ಆಮೇ ತೀರಿಕೊಂಡು ಹಿರಿಯರ ಹಾದಿ ಹಿಡಿದಿದ್ದಳು. ತಾನು ಯೇಸುವಿನ ಊರು ಸೇರಿದರೆ ಹಿರಿಯರ ಲೋಕದಲ್ಲಿ ಅವಳಿಗೆ ಸೌದೆ ಒಡೆದುಕೊಡುವವರು ಯಾರು? ಇದನ್ನು ಅವನು ಯಾರಿಗೂ ಹೇಳಲಿಲ್ಲ. ಒಲ್ಲೆ ಎನ್ನಲೂ ಬಾಯಿ ಬರದು. ಅವನ ಹೊಲ ಉಳುತ್ತಿದ್ದವರು ದೀಕ್ಷೆ ಪಡೆದ ಊರವರೇ. ಎರಡು ವರ್ಷ ಕುಡಿದು ತಪ್ಪಿಸಿಕೊಂಡ. ಈ ವರ್ಷ ನೋಡಿದರೆ ಊರವರೆಲ್ಲ ಹೆಂಡದ ಮಡಕೆ ಒಡೆದುಹಾಕಿದ್ದರು.

ಹಿಂದೆ ಊರಿಗೇ ದೊಡ್ಡ ಕುಡುಕನಾಗಿದ್ದ ಸೋದರಳಿಯ ಲೂಕನ ಮನೆಗೆ ಹೋದ. "ಹಳೇದೇನಾದ್ರೂ ಇದ್ಯೇನೋ?"

"ಮಾವ, ನನ್ನ ಹತ್ರ ಈಗ ಇರೋದು ಪ್ರಾರ್ಥನೆ ಒಂದೇ. ಎಷ್ಟು ಬೇಕು ಹೇಳು!" ಎಂದು ಲೂಕ ಕೈಹಿಡಿದು ಕೂರಿಸಿ, ಆಖಿಯ ಮೊಣಕಾಲು ಮರಗಟ್ಟುವಷ್ಟು ಕೊಟ್ಟೇ ಕಳಿಸಿದ.

ಕಡೆಗೆ ಆಖಿ ಹೊಳೆಗೆ ಅಡ್ಡಲಾಗಿ ಕಟ್ಟಿದ್ದ ಹಗ್ಗಕ್ಕೆ ಜೋತುಬಿದ್ದು ದಾಟಿ, ಆಚೆ ದಡದ ಚೀನೀ ಉಪ್ಪಿನ ವ್ಯಾಪಾರಿಯ ಹತ್ತಿರ ಮೂರು ಬೋಗುಣಿ ಹೆಂಡ ಕುಡಿದ. ಬರುವಾಗ ಹಗ್ಗದ ನಡುವೆ ಸಿಕ್ಕಿಕೊಂಡು, ಚಪ್ಪರದ ಸೋರೆಕಾಯಿಯಂತೆ ತೂಗಾಡತೊಡಗಿದ. ಕೆಳಗೆ ದಡದಲ್ಲಿ ಸ್ನಾನಕ್ಕೆ ನೆರೆದ ಸಭೆ ಹಾಡುತ್ತಿತ್ತು.

"ಮಾವ ಬಂದ! ಮೇಲಿಂದಾನೇ ಬಂದ!" ಎಂದು ಲೂಕ ಕೂಗಿದ.

ಹೇಗೋ ಈಚೆ ದಡದ ಹತ್ತಿರ ಜಾರಿಬಂದ ಆಖಿ ಕೈಬಿಟ್ಟು ಗುರುಗಳ ಪಕ್ಕದಲ್ಲೇ ನೀರಿಗೆ ಬಿದ್ದ. ಗುರುಗಳಿಗೆ ನೆಗಡಿ, ವಾಸನೆ ಗೊತ್ತಾಗಲಿಲ್ಲ. ಕಣ್ಣು ತುಂಬಿಕೊಂಡು ಅವನ ತಲೆಯ ಮೇಲೆ ಕೈಯಿಟ್ಟರು.

"ಬೇಡ ಗುರುಗಳೇ! ಕುಡಿದಿದೀನಿ! ಮೂರು ಬೋಗುಣಿ!"

ಗುರುಗಳು ಕೈ ತೆಗೆದರು. "ಮೂರನೇ ಸಲ ಆಯ್ತು, ಆಖಿ. ಇನ್ನು ನಿನ್ನ ಹೆಸರು ಕೂಗೋದಿಲ್ಲ." ಪುಸ್ತಕದಲ್ಲಿ ಹೆಸರು ಹೊಡೆದುಹಾಕಿ, ಪಕ್ಕದ ಊರುಗಳಿಂದ ಬಂದವರ ಸ್ನಾನ ಮುಗಿಸಿ, ಹೇಸರಗತ್ತೆ ಹತ್ತಿ ಹೊರಟರು. ದಡದಲ್ಲಿ ಕೂತ ಆಖಿಗೆ ಎದೆಯ ಕಲ್ಲು ಇಳಿದ ಹಾಗಾಯಿತು.

ನಾದಿನಿ ಆಚಾ ಒಣಬಟ್ಟೆ ತಂದು ಹೊದಿಸಿ ಅಳತೊಡಗಿದಳು. "ಎಂಥ ಕೆಲಸ ಮಾಡ್ದೆ ಭಾವ! ಅಕ್ಕ ಅಲ್ಲಿ ಕಾಯ್ತಿದ್ದಾಳಲ್ಲ!"

"ಕಾಯ್ಲಿ. ಹಿರಿಯರ ಹತ್ರ ಇದ್ದಾಳೆ. ಹೋಗ್ತೀನಿ."

"ಯಾವ ಹಿರಿಯರು? ಸಾಯೋ ಮುಂಚೆ ಗುರುಗಳ ಕೈಲಿ ತಲೆಗೆ ನೀರು ಹಾಕಿಸ್ಕೊಂಡ್ಲು. ನೀನು ಕಾಡಲ್ಲಿದ್ದೆ. 'ಅವನು ಯೇಸುವಿನ ಗುಡಿಗೆ ತೊಲೆ ಹೊರ್ತಿದ್ದಾನೆ, ಸತ್ಮೇಲೆ ಯೇಸುವಿನ ಊರಿಗೇ ಬರ್ತಾನೆ. ನಾ ಮುಂಚೆ ಹೋಗಿ ಒಲೆ ಹಚ್ಚಿರ್ತೀನಿ. ಅವನಿಗೆ ಹೇಳ್ಬೇಡ, ಬೈತಾನೆ' ಅಂದ್ಲು."

ಆಖಿ ತೊಲೆ ಹೊತ್ತದ್ದು ಕೂಲಿಯಾಗಿ ಕೊಡುತ್ತಿದ್ದ ಉಪ್ಪಿಗೆ.

ತಡಬಡಿಸಿ ಎದ್ದ. ಹೇಸರಗತ್ತೆ ಆಗಲೇ ಬೆಟ್ಟದ ತಿರುವಿನಲ್ಲಿತ್ತು. "ಗುರುಗಳೇ! ಸುಳ್ಳು ಹೇಳ್ದೆ! ನಾ ಕುಡಿದಿಲ್ಲ!" ಎಂದು ತೊದಲುತ್ತಾ ಕೂಗಿದ. ಹೊಳೆಯ ಮೊರೆತದಲ್ಲಿ ಯಾರಿಗೆ ಕೇಳಬೇಕು?

ಮತ್ತೆ ನೀರಿಗಿಳಿದು, ತನಗೆ ತಾನೇ ಮುಳುಗಿ ಎದ್ದ. ಮತ್ತೆ ಮುಳುಗಿದ. ಅಮಲು ಇಳಿಸಿಕೊಳ್ಳುತ್ತಿದ್ದಾನೆಂದು ದಡದಲ್ಲಿದ್ದವರು ನಕ್ಕರು.