ಗುರಿಕಾರರ ಕೊಂಡಿ ಬಂದೂಕು

ಬಂದೂಕು ಇದ್ದಲ್ಲಿ ಹೆದರಿಕೆ, ಸರ್ಕಸ್ ಇದ್ದಲ್ಲಿ ನಗು. ಎರಡೂ ಒಂದೇ ತಂಬುವಿನಲ್ಲಿ ಸೇರಿದರೆ ಯಾವಾಗ ಯಾವುದು ಬರುತ್ತದೆಂದು ಹೇಳಲಾಗದು. ಪ್ಲೇಗಿನ ಕಾಲದಲ್ಲಿ ನಾನು ಪುಣೆಯಲ್ಲಿ ಬೀಡುಬಿಟ್ಟಿದ್ದ ಒಂದು ಸರ್ಕಸ್ಸಿನಲ್ಲಿ ಬಂದೂಕಿನ ಆಟ ತೋರಿಸುವ ಗುರಿಕಾರರೊಬ್ಬರಿಗೆ ತೋಟೆ, ಅಂದರೆ ಕಾಡತೂಸು, ತುಂಬಿಕೊಡುವ ಕೆಲಸದಲ್ಲಿದ್ದೆ. ನಾನು ಧಾರವಾಡದವ, ಅವರು ಬೆಳಗಾವಿ ಕಡೆಯವರು. ಅವರ ಬಂದೂಕಿನ ಹಿಡಿಯ ಕೆಳಗೆ ಒಂದು ಕಬ್ಬಿಣದ ಕೊಂಡಿ ಇತ್ತು. ಅದನ್ನು ಕೆಳಗೆ ತಳ್ಳಿ ಮೇಲೆಳೆದರೆ ಖಾಲಿ ತೋಟೆ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತಿತ್ತು. ಬೇರೆಯವರ ಕೈಯಲ್ಲಿ ಅದು ಕಟಕ್, ಢಂ, ಕಟಕ್, ಢಂ. ಗುರಿಕಾರರ ಕೈಯಲ್ಲಿ ಮಾತ್ರ ಗಟ್ಟಿ ಬಟ್ಟೆ ಪರ್‌ರ್ ಎಂದು ಹರಿದಂತೆ ಒಂದೇ ಶಬ್ದ.

ಮಂಜಿನೊಳಗಿನ ಉತ್ತರ

ಮುಂಜಾನೆ ಯೆರವಡಾ ಕಡೆಯ ನದಿ ದಂಡೆಯಲ್ಲಿ ಅಭ್ಯಾಸ ನಡೆಯುತ್ತಿತ್ತು. ಮಣ್ಣಿನ ದಿಬ್ಬಕ್ಕೆ ಗಡಿಗೆ ಒರಗಿಸಿ ಇಡುವುದು, ಅವರು ಒಡೆಯುವುದು. ಒಂದು ದಿನ ಮಂಜು ಎಷ್ಟಿತ್ತೆಂದರೆ ನನ್ನ ಕಾಲು ನನಗೇ ಕಾಣುತ್ತಿರಲಿಲ್ಲ. ಗುರಿಕಾರರು ಹೊಡೆದು ಮುಗಿಸಿ ಬಂದೂಕು ಇಳಿಸಿದರು. ಆದರೆ ಶಬ್ದ ನಿಲ್ಲಲಿಲ್ಲ. ದಿಬ್ಬದಾಚೆಯಿಂದ ಢಪ್, ಢಪ್, ಢಪ್.

"ಪ್ರತಿಧ್ವನಿ ಇರಬೇಕ್ರಿ" ಎಂದೆ.

"ಪ್ರತಿಧ್ವನಿ ಇಷ್ಟು ತಡಾ ಮಾಡಿ ಬರತದೇನೋ? ಯಾರೋ ಉತ್ತರಾ ಕೊಡ್ಲಿಕ್ಕತ್ತಾರ."

ಮತ್ತೊಮ್ಮೆ ಹೊಡೆದರು. ಗಪ್ಪಾಯಿತು. ಕಾದೆವು. ಮತ್ತೆ ಢಪ್, ಢಪ್. ಇಬ್ಬರೂ ಗಂಟುಮೂಟೆ ಕಟ್ಟುವಷ್ಟರಲ್ಲಿ ಮಂಜಿನೊಳಗಿಂದ ಒಂದು ಆಕಾರ ನಡುಗುತ್ತ ಬಂತು. ಮಡಿವಾಳ. ಕೈಯಲ್ಲಿ ಒದ್ದೆ ಧೋತರ.

ಕೈಮುಗಿದು ಮರಾಠಿಯಲ್ಲಿ ಕೇಳಿದ: "ಸಾಹೇಬ್ರ, ನಾ ಈ ಧೋತರಾ ಕಲ್ಲಿಗೆ ಬಡಿದಾಗೆಲ್ಲ ಎಲ್ಲೋ ಗುಂಡು ಹಾರತದ. ಇದು ಯಾರದರ ಸತ್ತವರ ಧೋತರ ಇರಬಹುದೇನ್ರಿ?"

ಗುರುವಿನ ಉಸಿರು

ಆಟದಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಮೇಣಬತ್ತಿಯ ಸಾಲಿಗೆ. ಗುರಿಕಾರರ ಹೆಂಡತಿ ಮೇಣಬತ್ತಿ ನಿಲ್ಲಿಸಿದ ಹಲಗೆಯ ಒಂದು ತುದಿ ಹಿಡಿದು ಕೂರುವರು, ಇವರು ಸಣ್ಣ ಚರೆ ತುಂಬಿದ ತೋಟೆಗಳಿಂದ ಒಂದೇ ಉಸಿರಿನಲ್ಲಿ ದೀಪಗಳನ್ನು ಆರಿಸುವರು. ಕೊನೆಯ ದೀಪ ಆಕೆಯ ಕೆನ್ನೆಯ ಪಕ್ಕದಲ್ಲೇ.

ಆ ಕೊನೆಯ ದೀಪ ಗುಂಡು ಹಾರುವ ಮೊದಲೇ ಆರುವುದನ್ನು ನಾನು ಗಮನಿಸಿದೆ. ಗಾಳಿ ಇಲ್ಲ, ಪರದೆ ಅಲುಗಿಲ್ಲ. ದೀಪ ಸುಮ್ಮನೆ ಬಾಗುತ್ತಿತ್ತು, ಆರುತ್ತಿತ್ತು. ಆಮೇಲೆ ಗುಂಡು, ಅದೂ ಮೇಲಕ್ಕೆ ಹಾರಿ ಹೋಗುತ್ತಿತ್ತು. ಗುರಿಕಾರರಿಗೆ ಹೇಳಿದೆ. ಅವರ ಕಣ್ಣಲ್ಲಿ ನೀರು.

"ನನಗೂ ಗೊತ್ತದ. ನಮ್ಮ ಗುರುಗಳು ತೀರಿಕೊಂಡು ಭಾಳ ದಿನಾ ಆತು. ಆದ್ರೂ ನನ್ನ ಬೆನ್ನಿಗೆ ನಿಂತಾರ. ಅದು ಅವರ ಉಸಿರು."

ಅಂದಿನಿಂದ ಆ ಹಲಗೆ ಮುಟ್ಟಲೂ ನನಗೆ ಭಯ. ಒಂದು ದಿನ ಗುರಿಕಾರರ ಹೆಂಡತಿಗೇ ಕೇಳಿದೆ: "ಅಕ್ಕಾರ, ಅಷ್ಟು ಹತ್ರ ಗುರುಗಳ ಉಸಿರು ಬಂದಾಗ ನಿಮಗ ಅಂಜಿಕಿ ಆಗೂದಿಲ್ಲೇನ್ರಿ?"

ಆಕೆ ಅತ್ತಿತ್ತ ನೋಡಿದರು. "ಗುರುನೂ ಇಲ್ಲ ಗಿರುನೂ ಇಲ್ಲೋ ತಮ್ಮಾ. ಊದೂದು ನಾನು, ಅವರು ಈ ಕಡೆ ಗುರಿ ಇಡೂಕಿಂತ ಮೊದಲ."

"ಯಾಕ್ರಿ?"

"ಮೊದಲಿನ ದೀಪಕ್ಕ ನಾ ಹೆಂಡತಿ ಅಂತ ಅವರಿಗೆ ನೆನಪಿರತದ. ಕೈ ಓಡ್ಲಿಕ್ಕೆ ಹತ್ತಿತಂದ್ರ ಬರೇ ದೀಪ ನೆನಪಿರತಾವ."

ಹುಣಸೆಮರದ ಕೆಂಪು ಕಣ್ಣು

ಪೇಟೆಯ ಒಬ್ಬ ಯಜಮಾನಿ ಗುರಿಕಾರರನ್ನು ಕರೆಸಿದರು. ಹಿತ್ತಲ ಹುಣಸೆಮರದಲ್ಲಿ ದಿನಾ ಸಂಜೆ ಒಂದೇ ಒಂದು ಕೆಂಪು ಕಣ್ಣು ತೆರೆದು ಮುಚ್ಚುತ್ತದೆಯಂತೆ. ಒಂಟಿ ಗುಂಡಾದರೆ ದೆವ್ವ ತಪ್ಪಿಸಿಕೊಳ್ಳುತ್ತದೆ, ಇವರ ವೇಗಕ್ಕೆ ತಪ್ಪಿಸಿಕೊಳ್ಳಲಾರದು ಎಂದು ಯಾರೋ ಹೇಳಿದ್ದರು.

ಹೊತ್ತು ಮುಳುಗಿತು. ಎಲೆಗಳ ನಡುವೆ ನಿಜವಾಗಿಯೂ ಕಣ್ಣು ತೆರೆಯಿತು. ನಾನು ಗುಂಡಿಲ್ಲದ, ಬರೀ ಮದ್ದಿನ ತೋಟೆ ತುಂಬಿದ್ದು ಪುಣ್ಯ. ಪರ್‌ರ್ ಎಂದಿತು ಬಂದೂಕು. ಕಣ್ಣು ಕೆಳಗೆ ಬಿತ್ತು, ಬೀಡಿಯ ತುಂಡು. ಅದರ ಹಿಂದೆಯೇ ಮನೆಯ ಅಳಿಯ ಇಳಿದು ಅತ್ತೆಯ ಕಾಲಿಗೆ ಬಿದ್ದ.

ಯಜಮಾನಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ ನಿಟ್ಟುಸಿರು ಬಿಟ್ಟರು. "ದೆವ್ವ ಆಗಿದ್ರ ಓಡಿಸಬಹುದಿತ್ತು."

ಹಾರ ಹಾಕಿದ ಬಂದೂಕು

ಗುರಿಕಾರರಿಗೆ ಜ್ವರ ಬಂತು. ಆಗ ಜ್ವರ ಎಂದರೆ ಪ್ಲೇಗ್ ಎಂದೇ ಲೆಕ್ಕ. ಸರ್ಕಾರದವರು ಪ್ಲೇಗಿನವರನ್ನು ಇಡುವ ಊರ ಹೊರಗಿನ ಶೆಡ್ಡಿಗೆ ಒಯ್ದರು. ಹೆಂಡತಿಯನ್ನು ಬೇಲಿಯ ಹತ್ತಿರವೂ ಬಿಡಲಿಲ್ಲ. ಕೆಲವು ದಿನಗಳ ಮೇಲೆ ಅಲ್ಲಿಯ ಗಾಡಿಯವನು ಬಂದು, "ಬಂದೂಕಿನವ ಹೋದ" ಎಂದ.

ಹೆಂಡತಿ ಅಳಲಿಲ್ಲ. "ಹೆಣಾ ನೋಡೂ ತನಕ ನಾ ಕುಂಕುಮ ಅಳಸೂದಿಲ್ಲ" ಎಂದರು.

ಸರ್ಕಸ್ಸಿನ ಮಾಲಕರು ಶ್ರದ್ಧಾಂಜಲಿಯ ಆಟ ಇಟ್ಟರು. ನಡುವೆ ಕುರ್ಚಿ, ಅದರ ಮೇಲೆ ಬಂದೂಕು, ಬಂದೂಕಿಗೆ ಚೆಂಡುಹೂವಿನ ಹಾರ. ದೂರದಲ್ಲಿ ಗಡಿಗೆಗಳು. ಗೌರವಕ್ಕಾಗಿ ನಾನು ಗುಂಡು ಹಾರಿಸಬೇಕಿತ್ತು. ತೋಟೆ ತುಂಬಿದ್ದೆ, ಕೈ ಮಾತ್ರ ಏಳುತ್ತಿರಲಿಲ್ಲ. ಆನೆ ಇದ್ದಕ್ಕಿದ್ದಂತೆ ಸರಪಳಿ ಅಲುಗಿಸುವುದನ್ನು ನಿಲ್ಲಿಸಿತು.

ಪ್ರಾಣಿಗಳು ಬರುವ ಬಾಗಿಲಿನಿಂದ ಯಾರೋ ನಡೆದು ಬಂದರು. ಬೋಳುತಲೆ, ಒಳಸೇರಿದ ಕೆನ್ನೆ, ಮೈತುಂಬ ಬಿಳಿ ಚಾದರ. ಬಂದೂಕನ್ನು ಹಾರದ ಸಮೇತ ಎತ್ತಿದರು. ಪರ್‌ರ್! ಗಡಿಗೆಗಳೆಲ್ಲ ಚೂರು. ಹೂವಿನ ಎಸಳು ನಿಧಾನವಾಗಿ ಕೆಳಗೆ ಬಿದ್ದವು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಅವರು ಹಾರವನ್ನು ನೋಡಿ ಕೇಳಿದರು: "ಯಾರು ತೀರಿಕೊಂಡ್ರೋ?"

ತಂಬು ಖಾಲಿಯಾಯಿತು. ಹೆಂಡತಿ ಮಾತ್ರ ಎದ್ದು ಹತ್ತಿರ ಹೋಗಿ ಅವರ ಹಣೆ ಮುಟ್ಟಿ ನೋಡಿದರು. "ಜ್ವರ ಬಿಟ್ಟದ" ಎಂದವರೇ ನೆಲಕ್ಕೆ ಕುಸಿದು ಕೂತು, ಅಷ್ಟು ದಿನದ್ದನ್ನೆಲ್ಲ ಅತ್ತರು. ಶೆಡ್ಡಿನಲ್ಲಿ ಸತ್ತಿದ್ದ ಬಂದೂಕಿನವ ಒಬ್ಬ ಮುದಿ ಸಿಪಾಯಿ. ಇವರ ತಲೆ ಬೋಳಿಸಿ ಬಟ್ಟೆ ಸುಟ್ಟಿದ್ದರು, ಅದಕ್ಕೇ ಚಾದರ.

ಮರುದಿನ ಬಾಗಿಲಲ್ಲಿ ಜನಜಾತ್ರೆ. ದೆವ್ವ ಗುಂಡು ಹೊಡೆಯುತ್ತದೆಂದು ಸುದ್ದಿ ಹಬ್ಬಿತ್ತು. ಮಾಲಕರು ಕೈಮುಗಿದರು: "ಇನ್ನೊಂದು ವಾರ ಸತ್ತವರಂಗ ಇರ್ರಿ, ನಿಮ್ಮ ಕಾಲಿಗೆ ಬೀಳತೇನಿ."

ಶೆಡ್ಡಿನಲ್ಲಿ ಬರೀ ಗಂಜಿ ಕುಡಿದು ಸೊರಗಿದ್ದ ಗುರಿಕಾರರು ಕೇಳಿದರು: "ಊಟ?"

ಒಲೆಯ ಮುಂದಿದ್ದ ಹೆಂಡತಿ ತಿರುಗದೆಯೇ ಹೇಳಿದರು: "ಸತ್ತವರಿಗೆ ವರ್ಷಕ್ಕೊಮ್ಮೆ ಊಟದ ಎಡಿ ಇಡತಾರ. ಅದೂ ಸಿಗೂದು ಕಾಗಿ ಮುಟ್ಟಿದ ಮ್ಯಾಲೆ."

ಗುರಿಕಾರರು ಚಾದರದಲ್ಲೇ ಹೊರಗೆ ಓಡಿ ಜನರೆದುರು ಕೂಗಿದರು: "ನಾ ಸತ್ತಿಲ್ಲ! ಜೀವಂತ ಇದ್ದೇನಿ!"

ಸಾಲಿನಿಂದ ಒಬ್ಬರೂ ಕದಲಲಿಲ್ಲ. ಮುಂದಿದ್ದ ಅಜ್ಜಿಯೊಬ್ಬಳು ಕನಿಕರದಿಂದ ಹೇಳಿದಳು: "ಇರಲಿ ಮಗಾ, ಮೊದಮೊದಲು ಎಲ್ಲರಿಗೂ ಹಂಗ ಅನಸತದ."