ಐದು ನಿಮಿಷದ ನಿಶ್ಶಬ್ದ

ನೆಲ್ಲಿಕಾಯಿಗಿಂತ ಸಣ್ಣದೊಂದು ಕಪ್ಪು ಗುಂಡು ಆ ಪೆಟ್ಟಿಗೆಯ ತಳದಲ್ಲಿ, ಥರ್ಮೋಕೋಲಿನ ಸಂದಿಯಲ್ಲಿ ಅಡಗಿ ಕೂತಿರದಿದ್ದರೆ, ಪಾರ್ಸೆಲ್ ಗುಮಾಸ್ತ ಆ ರಜೆಯ ದಿನ ನೆಮ್ಮದಿಯಾಗಿ ಸೋತು ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಿದ್ದ. ಸೋಲು ಅಷ್ಟರಮಟ್ಟಿಗೆ ನಿಶ್ಚಯವಾಗಿತ್ತು.

ಅವನು ಹೋಮ್ ಥಿಯೇಟರ್ ರಿಸೀವರ್ ತಂದು ಅಂದಿಗೆ ಏಳನೆಯ ದಿನ. ಟೀವಿಯ ಸದ್ದನ್ನು ತಾನು ಇಸಿದುಕೊಂಡು ಏಳು ಸ್ಪೀಕರುಗಳಿಗೆ ಹಂಚಿಕೊಡುವ ಯಂತ್ರ ಅದು. ಎತ್ತಿದರೆ ಸೊಂಟ ಹಿಡಿಯುವಷ್ಟು ತೂಕ, ಬೆನ್ನಿನಲ್ಲಿ ಜೇನುಗೂಡಿನಷ್ಟು ತೂತು. ಆರಿಸುವುದಕ್ಕೇ ಮೂರು ವಾರ ಹಿಡಿದಿತ್ತು. ಕಚೇರಿಯಲ್ಲಿ ಒಬ್ಬ ಐದು ಸ್ಪೀಕರಿನದು ಸಾಕು ಎಂದ. ಇನ್ನೊಬ್ಬ ಏಳಿಲ್ಲದಿದ್ದರೆ ಅದು ಥಿಯೇಟರೇ ಅಲ್ಲ ಎಂದ. ಮೂರನೆಯವನು ಒಂಬತ್ತು ಎಂದು ಬಾಯಿ ತೆರೆಯುವ ಮೊದಲೇ ಗುಮಾಸ್ತ ಓಡಿಹೋಗಿ ಏಳರದ್ದು ತಂದುಬಿಟ್ಟ.

"ನನ್ನನ್ನ ಮದುವೆ ಆಗೋವಾಗ ಮೂರು ದಿನ ಕೂಡ ಯೋಚನೆ ಮಾಡ್ಲಿಲ್ಲ ನೀವು," ಎಂದಿದ್ದಳು ಹೆಂಡತಿ.

ಹುಡುಗನಾಗಿದ್ದಾಗ ಟಾಕೀಸಿನ ಹಿಂಗೋಡೆಗೆ ಕಿವಿ ಹಚ್ಚಿ ನಿಂತು ಸಿನಿಮಾ ಕೇಳಿದವನು ಅವನು. ಕುದುರೆ ಓಡಿದ್ದು, ಹೆಂಗಸು ಅತ್ತಿದ್ದು, ಬಾಗಿಲು ಮುಚ್ಚಿದ್ದು ಎಲ್ಲ ಗೋಡೆಯ ಈಚೆಗೇ ಗೊತ್ತಾಗುತ್ತಿತ್ತು. ಈಗ ಕಚೇರಿಯಲ್ಲಿ ದಿನವಿಡೀ ಮುದ್ರೆ ಬಡಿಯುವ ಸದ್ದು, ಸಾಲಿನಲ್ಲಿ ನಿಂತವರ ಬೈಗುಳ. ಒಂದು ಸಂಜೆ, ಒಂದು ಕುರ್ಚಿ, ತಾನೊಬ್ಬನೇ, ಸುತ್ತ ಸಿನಿಮಾ. ಅವನ ಆಸೆ ಇಷ್ಟೇ.

ಯಂತ್ರಕ್ಕೆ ಆ ಆಸೆ ತಿಳಿಯಲಿಲ್ಲ. ಮಾತು ಬಂದಾಗ ಪಿಸುಪಿಸು, ಬಂದೂಕು ಬಂದಾಗ ಭೂಕಂಪ. ಮಾತಿಗೆ ಏರಿಸಿ ಬಂದೂಕಿಗೆ ಇಳಿಸಿ, ರಿಮೋಟ್ ಒತ್ತಿ ಒತ್ತಿ ಅವನ ಹೆಬ್ಬೆರಳು ಬಾತುಕೊಂಡಿತು. ಆರನೆಯ ದಿನ ಸಿನಿಮಾದಲ್ಲಿ ಸೇತುವೆಯೊಂದು ಸಿಡಿದಾಗ ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಜಾರಿ ಆರು ಪಿಂಗಾಣಿ ಬಟ್ಟಲು ಒಟ್ಟಿಗೆ ಸತ್ತವು.

"ಏಳು ದಿನದೊಳಗೆ ಬೇಡ ಅಂದ್ರೆ ವಾಪಸ್ ತಗೊಳ್ತಾರಂತೆ. ಅಂಗಡಿಗೆ ನಾನೇ ಫೋನ್ ಮಾಡಿದೀನಿ," ಎಂದಳು ಅವಳು, ಚೂರು ಗುಡಿಸುತ್ತಾ. "ನಾಳೆ ಐದು ಗಂಟೆಗೆ ಗಾಡಿ ಬರುತ್ತೆ. ಇದು ಹೋಗುತ್ತೆ, ಆಮೇಲೆ ಆ ದುಡ್ಡಿಗೆ ಬಟ್ಟೆ ಒಗೆಯೋ ಮೆಷಿನ್ ಬರುತ್ತೆ. ಅದೂ ಸದ್ದು ಮಾಡುತ್ತೆ, ಆದ್ರೆ ಕೆಲಸಾನೂ ಮಾಡುತ್ತೆ."

ಹೀಗಾಗಿ ಏಳನೆಯ ದಿನ ಬೆಳಿಗ್ಗೆ ಅವನು ಹೆಣಕ್ಕೆ ಬಟ್ಟೆ ಸುತ್ತುವವನ ಮುಖ ಹೊತ್ತು ಖಾಲಿ ಪೆಟ್ಟಿಗೆಯನ್ನು ಕೊಡವಿದ. ಆಗ ಬಿತ್ತು ಆ ಗುಂಡು, ಹಿಂದೆ ಮಾರುದ್ದ ತಂತಿ ಎಳೆದುಕೊಂಡು, ಬಾಲವಿರುವ ಇಲಿಮರಿಯಂತೆ.

ಅಂಗಡಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದ.

"ಅಯ್ಯೋ ಸಾರ್, ಅದು ಮೈಕು! ಅದನ್ನ ಹಾಕದೇನೇ ಒಂದು ವಾರ ಕೇಳಿದ್ರಾ?" ಮೆಕ್ಯಾನಿಕ್ ನಕ್ಕ. "ನೀವು ಕೂರೋ ಜಾಗದಲ್ಲಿ, ಕಿವಿ ಎತ್ತರಕ್ಕೆ ಇಡಿ. ಗುಂಡಿ ಒತ್ತಿ. ಮೆಷಿನ್ ಒಂದೊಂದು ಸ್ಪೀಕರಿಂದ ಕೂಗು ಹಾಕುತ್ತೆ, ತಾನೇ ಕೇಳಿಸ್ಕೊಳ್ಳುತ್ತೆ, ನಿಮ್ಮ ಕೋಣೆಗೆ ತಕ್ಕ ಹಾಗೆ ತಾನೇ ಸರಿಮಾಡ್ಕೊಳ್ಳುತ್ತೆ. ಮಾತು, ಗುಂಡು ಎಲ್ಲ ಹದಕ್ಕೆ ಬರುತ್ತೆ."

"ಅಷ್ಟೇನಾ?"

"ಅಷ್ಟೇ. ಐದು ನಿಮಿಷ. ಆದ್ರೆ ಬೇರೆ ಸದ್ದು ಆಗ್ಬಾರ್ದು. ಸದ್ದಾಯ್ತೋ, ಟೀವಿ ಮೇಲೆ ಕೆಂಪು ಅಕ್ಷರ ಬರುತ್ತೆ, ಮತ್ತೆ ಮೊದಲಿಂದ. ಹಸಿರು ಬಂದ್ರೆ ಗೆದ್ರಿ."

ಐದು ನಿಮಿಷ! ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಕೂಡ ಅಡ್ಡ ಬರಲಿಲ್ಲ. "ನನಗೇನು ಅದರ ಮೇಲೆ ಹಗೆ ಇಲ್ಲ. ಐದು ಗಂಟೆ ತನಕ ನಿಮ್ಮ ಆಟ," ಎಂದಳು.

ಅವನು ತನ್ನ ಕುರ್ಚಿಯ ಮೇಲೆ ಸ್ಟೂಲಿಟ್ಟು, ಸ್ಟೂಲಿನ ಮೇಲೆ ಬಿಸ್ಕತ್ತಿನ ಡಬ್ಬವಿಟ್ಟು, ಅದರ ಮೇಲೆ ಮೈಕನ್ನು ಕೂರಿಸಿ ಗುಂಡಿ ಒತ್ತಿದ. ಎಡಗಡೆಯ ಸ್ಪೀಕರು ಯಾವುದೋ ಹಕ್ಕಿಯ ಬಾಲ ತುಳಿದಂತೆ "ಟುಯ್ಯ್" ಎಂದಿತು. ಅಡುಗೆಮನೆಯ ಕುಕ್ಕರು ಅದಕ್ಕೆ ಉತ್ತರ ಕೊಟ್ಟಿತು. ಕೆಂಪು.

ಕುಕ್ಕರು ಇಳಿಸಿದ, ಫ್ಯಾನು ಆರಿಸಿದ, ಫ್ರಿಜ್ಜಿನ ತಂತಿ ಕಿತ್ತ, ಗೋಡೆ ಗಡಿಯಾರವನ್ನು ಹಾಸಿಗೆಯಲ್ಲಿ ಸುತ್ತಿಟ್ಟ. ಎರಡನೆಯ ಸ್ಪೀಕರು ಕೂಗುವಾಗ ತಲೆಯ ಮೇಲೆ ಧುಪ್, ಧುಪ್, ಧುಪ್. ಕೆಂಪು.

ಮೇಲ್ಮನೆಯವರು ಡ್ರಿಲ್ ಮಾಸ್ತರು. ನಿವೃತ್ತಿಯಾಗಿ ಹತ್ತು ವರ್ಷವಾದರೂ ದೇಹಕ್ಕೆ ನಿವೃತ್ತಿ ಕೊಟ್ಟಿರಲಿಲ್ಲ. ಗುಮಾಸ್ತ ಹತ್ತಿಹೋದಾಗ ಹಗ್ಗ ಹಿಡಿದು ಜಿಗಿಯುತ್ತಿದ್ದರು.

"ಮಾಸ್ತರೇ, ಒಂದೈದು ನಿಮಿಷ ನಿಲ್ಲಿಸ್ತೀರಾ?"

"ಎಪ್ಪತ್ತೆರಡು! ಈಗ ನಿಲ್ಲಿಸಿದ್ರೆ ಮತ್ತೆ ಒಂದರಿಂದ ಶುರು ಮಾಡ್ಬೇಕಯ್ಯಾ. ಯಾಕೆ? ಯಾರಿಗೆ ಹುಷಾರಿಲ್ಲ?"

"ಹುಷಾರಿಲ್ಲದ್ದು ಮೆಷಿನ್‌ಗೆ."

ಅವರು ನೂರು ಮುಗಿಸಿ, ಬೆವರು ಒರೆಸಿಕೊಂಡು ನಿಂತರು. ಗುಮಾಸ್ತ ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂದು ಗುಂಡಿ ಒತ್ತಿದ. ಮೂರನೆಯ ಸ್ಪೀಕರಿನ ತನಕ ಹೋಯಿತು. ಪಕ್ಕದ ಗೋಡೆಯಾಚೆ ಟೈಲರಮ್ಮನ ಮೆಷಿನ್ನು ಟಕಟಕಟಕ ಎಂದು ಓಡಿತು. ಕೆಂಪು.

"ನಾಳೆ ಬೆಳಿಗ್ಗೆ ನಲವತ್ತು ಜೊತೆ ಯೂನಿಫಾರ್ಮ್ ಕೊಡ್ಬೇಕಣ್ಣಾ," ಎಂದಳು ಟೈಲರಮ್ಮ, ಬಾಯಲ್ಲಿದ್ದ ಗುಂಡುಸೂಜಿಗಳ ಸಂದಿಯಿಂದ. "ನಿಮ್ಮ ಸಿನಿಮಾಕ್ಕೆ ನನ್ನ ಹೊಟ್ಟೆಗೆ ಕಲ್ಲು ಹಾಕ್ತೀರಾ?"

"ಐದೇ ನಿಮಿಷ ತಂಗಿ, ಕಾಲಿಗೆ ಬೀಳ್ತೀನಿ."

"ಬೀಳ್ಬೇಡಿ, ಸೂಜಿ ಚೆಲ್ಲಿದೆ."

ಅವಳು ಒಪ್ಪಿದಳು. ಅವಳು ಒಪ್ಪುವ ಹೊತ್ತಿಗೆ ಮಾಸ್ತರು ಮತ್ತೆ ಒಂದರಿಂದ ಶುರುಮಾಡಿದ್ದರು. ಮಾಸ್ತರನ್ನು ನಿಲ್ಲಿಸಿದಾಗ ಕೆಳಮನೆಯ ಬಡಗಿ ಹಲಗೆಗೆ ಕರಕರ ಹತ್ತರಿ ಹೊಡೆಯತೊಡಗಿದ. ಬಡಗಿಯನ್ನು ಬೇಡಿಕೊಂಡು ಬಂದು, ಉಸಿರು ಬಿಗಿಹಿಡಿದು ಗುಂಡಿ ಒತ್ತಿದರೆ ಐದನೆಯ ಸ್ಪೀಕರಿನ ತನಕ ಎಲ್ಲ ಸುಸೂತ್ರ. ಆಗ ಬಾಗಿಲ ಗಂಟೆ ಬಾರಿಸಿತು.

ಎದುರುಮನೆಯ ಎಲ್ಲಬಲ್ಲವರು. ವಿದ್ಯುತ್ ಕಚೇರಿಯಲ್ಲಿ ಮೂವತ್ತು ವರ್ಷ ಮೀಟರ್ ಓದಿದವರು. ಅದಾದ ಮೇಲೆ ಇನ್ನೇನನ್ನೂ ಓದುವ ಅಗತ್ಯ ಅವರಿಗೆ ಕಂಡಿರಲಿಲ್ಲ.

"ಏನ್ರೀ, ನಿಮ್ಮನೇಲಿ ಬೆಳಿಗ್ಗೆಯಿಂದ ಹಕ್ಕಿ ಕತ್ತು ಹಿಸುಕೋ ಸದ್ದು?"

ಗುಮಾಸ್ತ ಅಳುದನಿಯಲ್ಲಿ ಎಲ್ಲ ಹೇಳಿದ. ಗಂಟೆ ಆಗಲೇ ಮೂರೂವರೆ. ಊಟದ ತಟ್ಟೆ ಮುಚ್ಚಿಟ್ಟಲ್ಲೇ ಆರಿಹೋಗಿತ್ತು.

ಎಲ್ಲಬಲ್ಲವರು ಸ್ಪೀಕರುಗಳನ್ನೆಲ್ಲ ಒಂದು ಸುತ್ತು ನೋಡಿ, ಎರಡನ್ನು ತಟ್ಟಿ, ಒಂದನ್ನು ಮೂಸಿ, ಕೊನೆಗೆ ಹೇಳಿದರು: "ನಿಮ್ಮ ತಪ್ಪು ಎಲ್ಲಿದೆ ಗೊತ್ತೇನ್ರೀ? ಒಂದು ಮನೆ ಬಾಯಿ ಮುಚ್ಚಿಸೋಕೆ ಹೋದಾಗ ಇನ್ನೊಂದು ಮನೆ ಬಾಯಿ ತೆರೆಯುತ್ತೆ. ಕಪ್ಪೆ ತಕ್ಕಡಿಯಲ್ಲಿ ತೂಗೋ ಹಾಗೆ. ಜನ ಅವರವರ ಮನೇಲಿದ್ರೆ ತಾನೇ ಸದ್ದು? ಎಲ್ಲರನ್ನೂ ಇಲ್ಲಿಗೆ ಕರೀರಿ. ಬಾಗಿಲು ಹಾಕಿ. ಕಣ್ಣೆದುರಿಗೇ ಇದ್ರೆ ಯಾರು ಕೆಮ್ಮಿದ್ರು ಅಂತಾನೂ ಗೊತ್ತಾಗುತ್ತೆ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಈ ಮಾತಂತೂ ಅವನಿಗೆ ಹಡಗಿನಂತೆ ಕಂಡಿತು.

ಕರೆಯುವುದು ಕಷ್ಟವಾಗಲಿಲ್ಲ. ಬೆಳಿಗ್ಗೆಯಿಂದ ಎಲ್ಲರಿಗೂ ಅದೇನೆಂದು ನೋಡುವ ಕುತೂಹಲ ಹತ್ತಿತ್ತು. ಎಲ್ಲಬಲ್ಲವರ ಮನೆಯಾಕೆ ಬಂದರು, ಮಾಸ್ತರು ಹೆಂಡತಿಯ ಜೊತೆ ಬಂದರು. ಟೈಲರಮ್ಮ ಅತ್ತೆ, ಗಂಡ, ನಾದಿನಿ ಮತ್ತು ಒಂದು ರಾಶಿ ಬಟ್ಟೆಯ ಸಮೇತ ಬಂದು, ಕೈಹೊಲಿಗೆಗೆ ಸದ್ದಿಲ್ಲವೆಂದು ಮೂಲೆ ಹಿಡಿದಳು. ಬಡಗಿ ತನ್ನ ಮನೆಯವರನ್ನೂ ಅಳಿಯನ ಮನೆಯವರನ್ನೂ ಕರೆತಂದ. ನಾಲ್ಕೂ ಕಾಲಿಗೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಡಬ್ಬದ ಮೇಲೆ ಮೈಕು ಮಠದ ಸ್ವಾಮಿಯಂತೆ ಕೂತಿತ್ತು.

"ಯಾರೂ ಉಸಿರು ಬಿಡಬೇಡಿ," ಎಂದ ಗುಮಾಸ್ತ. "ಅಂದ್ರೆ, ಬಿಡಿ. ಮೆತ್ತಗೆ ಬಿಡಿ."

ಮೊದಲನೆಯ ಸಲ ಮಾಸ್ತರ ಮಂಡಿ ಲಟಕ್ ಎಂದಿತು. ಕೆಂಪು. "ವ್ಯಾಯಾಮ ನಿಲ್ಲಿಸಿದ್ದಕ್ಕೇ ಹೀಗೆ," ಎಂದು ಅವರು ಗುಮಾಸ್ತನನ್ನೇ ದುರುಗುಟ್ಟಿ ನೋಡಿದರು. ಎರಡನೆಯ ಸಲ ಟೈಲರಮ್ಮನ ಅತ್ತೆಗೆ ಬಿಕ್ಕಳಿಕೆ ಹತ್ತಿತು. ನೀರು ಕುಡಿಸಿ, ಬೆನ್ನು ತಟ್ಟಿ, ಸೊಸೆ "ನಿಮ್ಮ ಪೆಟ್ಟಿಗೆ ಬೀಗದ ಕೈ ಕಳೆದುಹೋಗಿದೆ ಅತ್ತೆ" ಎಂದು ಹೆದರಿಸಿದ ಮೇಲೆ ನಿಂತಿತು. ಮೂರನೆಯ ಸಲ ಆರನೆಯ ಸ್ಪೀಕರಿನ ಹೊತ್ತಿಗೆ ಕೆಳಗೆ ಗಾಡಿಯ ಹಾರನ್ ಕೇಳಿಸಿತು. ಕೆಂಪು.

ಅಂಗಡಿಯ ಗಾಡಿ! ಗಂಟೆ ನಾಲ್ಕೂ ಐವತ್ತು.

ಗಾಡಿಯವನು ಮೇಲೆ ಬಂದು ಬಾಗಿಲಲ್ಲೇ ನಿಂತ. "ಏನ್ ಸಾರ್, ಯಾರಾದ್ರೂ ಹೋಗ್ಬಿಟ್ರಾ?"

"ಇನ್ನೂ ಇಲ್ಲ. ಹೋಗೋದು ಬಿಡೋದು ನಿನ್ನ ಕೈಲಿದೆ. ಬಾ, ಕೂತ್ಕೋ. ಐದು ನಿಮಿಷ."

"ಐದು ಗಂಟೆಗೆ ಎತ್ಕೊಂಡು ಹೋಗ್ಬೇಕು ಸಾರ್."

"ಐದಕ್ಕೆ ಇನ್ನೂ ಹತ್ತು ನಿಮಿಷ ಇದೆಯಲ್ಲಪ್ಪಾ!" ಎಂದು ಹದಿನೈದು ಜನ ಒಟ್ಟಿಗೆ ಕೂಗಿದರು. ಹದಿನಾರನೆಯವನಾಗಿ ಅವನೂ ಕೂತ.

ಗುಮಾಸ್ತ ಗುಂಡಿ ಒತ್ತಿದ. ಒಂದು. ಎರಡು. ಟೈಲರಮ್ಮನ ಸೂಜಿ ಗಾಳಿಯಲ್ಲೇ ನಿಂತಿತು. ಮೂರು. ಬಡಗಿಯ ಮೂಗಿನ ಮೇಲೆ ನೊಣ ಕೂತಿತು, ಅವನು ಓಡಿಸಲಿಲ್ಲ. ನಾಲ್ಕು. ಐದು. ಗುಮಾಸ್ತನ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು, ಈ ಹಾಳು ಮೈಕಿಗೆ ಅದೂ ಕೇಳಿಸೀತೆಂದು ಅವನು ಎರಡೂ ಕೈಯಿಂದ ಎದೆ ಒತ್ತಿಹಿಡಿದ. ಆರು. ಎಲ್ಲಬಲ್ಲವರ ಮುಖ ಸೀನು ತಡೆದು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಏಳು.

ಹಸಿರು.

ಎಲ್ಲಬಲ್ಲವರು ಸೀನಿದರು. ಮನೆಯೇ ಹಾರಿಹೋಗುವಂತೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಗುಮಾಸ್ತ ಒಂದು ಹಳೆಯ ಸಿನಿಮಾ ಹಾಕಿದ. ತಗಡಿನ ಮಾಡಿನ ಮೇಲೆ ಮಳೆ ಬಿತ್ತು, ಎಲ್ಲರೂ ಮೇಲೆ ನೋಡಿದರು. ಕುದುರೆಗಾಡಿಯೊಂದು ಎಡಗಿವಿಯಿಂದ ಬಂದು ಬಲಗಿವಿಗೆ ಹೋಯಿತು, ಅಂಗಡಿಯ ಗಾಡಿಯವನು ಕಾಲು ಎಳೆದುಕೊಂಡ. ಆಮೇಲೆ ಒಬ್ಬ ಮುದುಕಿ ಮಗಳ ಕಿವಿಯಲ್ಲಿ ಗುಟ್ಟು ಹೇಳಿದಳು. ಅದು ಹದಿನಾರು ಜನಕ್ಕೂ ತಮ್ಮ ಕಿವಿಯಲ್ಲೇ ಹೇಳಿದಷ್ಟು ನುಣ್ಣಗೆ ಕೇಳಿಸಿತು. ಟೈಲರಮ್ಮನ ಅತ್ತೆ ಕಣ್ಣೊರೆಸಿಕೊಂಡಳು.

ಗುಮಾಸ್ತನ ಹೆಂಡತಿ ಸೆರಗಿನಿಂದ ಕೈ ಒರೆಸಿಕೊಂಡಳು. "ನಿಜ ರೀ. ಚೆನ್ನಾಗಿದೆ," ಎಂದಳು. "ಆದ್ರೆ ಬಟ್ಟೆ?"

"ನಾನೇ ಒಗೀತೀನಿ ಇವಳೇ! ವರ್ಷಪೂರ್ತಿ ನಾನೇ ಒಗೀತೀನಿ!"

"ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದಳು ಅವಳು. ಎಲ್ಲರೂ ಕೇಳಿಸಿಕೊಂಡಿದ್ದರು.

ಗಾಡಿಯವನು ಒಂದು ಕಾಗದ ಚಾಚಿದ. ಗಿರಾಕಿಗೆ ಪೂರ್ತಿ ತೃಪ್ತಿಯಾಗಿದೆ, ಇನ್ನು ಮೇಲೆ ಸರಕು ಹಿಂತಿರುಗಿಸುವಂತಿಲ್ಲ ಎಂದು ಅದರಲ್ಲಿತ್ತು. ಗುಮಾಸ್ತ ಓದದೆಯೇ ರುಜು ಹಾಕಿದ. ಸರಿಯಾಗಿ ಐದಕ್ಕೆ ಗಾಡಿ ಖಾಲಿ ಹೋಯಿತು. ನೆರೆಯವರು ಒಬ್ಬೊಬ್ಬರಾಗಿ ಎದ್ದು ಹೋದರು. ಹೆಂಡತಿ ತರಕಾರಿಗೆ ಹೊರಟಳು.

ಕೋಣೆ ಖಾಲಿಯಾಯಿತು. ಸಂಜೆ, ಕುರ್ಚಿ, ತಾನೊಬ್ಬನೇ. ಅವನು ಡಬ್ಬ, ಸ್ಟೂಲು ಇಳಿಸಿ, ಕುರ್ಚಿಯಲ್ಲಿ ಒರಗಿ, ಅದೇ ಮಳೆಯನ್ನು ಮತ್ತೆ ಹಾಕಿದ.

ತಗಡಿನ ಮೇಲೆ ಮಳೆಯಲ್ಲ, ಮೊಳೆ ಬಿದ್ದವು. ಕುದುರೆಗಾಡಿ ಪಾತ್ರೆಯಂಗಡಿಯ ಮೂಲಕ ಹಾದುಹೋಯಿತು. ಮುದುಕಿ ಗುಟ್ಟು ಹೇಳಿದ್ದು ತಟ್ಟೆಯ ಮೇಲೆ ಚಾಕು ಎಳೆದಂತಿತ್ತು. ಗುಮಾಸ್ತ ಹಲ್ಲು ಜುಮ್ಮೆಂದು ಕಿವಿ ಮುಚ್ಚಿಕೊಂಡು ಫೋನಿಗೆ ಓಡಿದ.

"ಹಸಿರು ಬಂತು ಅಂತೀರಿ, ಆಗ ಚೆನ್ನಾಗಿತ್ತು ಅಂತೀರಿ," ಎಂದ ಮೆಕ್ಯಾನಿಕ್, ಯೋಚಿಸುತ್ತಾ. "ಅಳತೆ ಮಾಡೋವಾಗ ಕೋಣೇಲಿ ಏನೇನಿತ್ತು ಸಾರ್?"

"ಹದಿನಾರು ಜನ ಇದ್ರು. ನಾನು ಸೇರಿದ್ರೆ ಹದಿನೇಳು."

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ ಸದ್ದು ಈ ಕಡೆಗೂ ಕೇಳಿಸಿತು.

"ಸಾರ್, ಜನರ ಮೈ, ಬಟ್ಟೆ ಎಲ್ಲ ಸದ್ದು ಕುಡಿದುಬಿಡುತ್ತೆ. ಕುಡಿದು ಹೋಗಿದ್ದನ್ನ ತುಂಬೋಕೆ ಮೆಷಿನ್ ತಾನು ಏರಿಸ್ಕೊಂಡಿದೆ. ಈಗ ಕುಡಿಯೋರು ಇಲ್ಲ, ಅದಕ್ಕೇ ಕಿವಿಗೆ ಹೊಡೀತಿದೆ. ಏನಿಲ್ಲ, ಎಲ್ಲರನ್ನೂ ಅವರವರ ಮನೆಗೆ ಕಳಿಸಿ, ಸುಮ್ಮನಿರೋಕೆ ಹೇಳಿ, ಖಾಲಿ ಕೋಣೇಲಿ ಇನ್ನೊಂದು ಸಲ ಅಳತೆ ಮಾಡಿ."

ಮೇಲೆ ಧುಪ್ ಧುಪ್ ಶುರುವಾಯಿತು. ಪಕ್ಕದಲ್ಲಿ ಟಕಟಕ. ಕೆಳಗೆ ಹತ್ತರಿ.

"ಅವರವರ ಮನೇಲಿ ಸುಮ್ಮನಿರಲ್ಲ ಕಣಪ್ಪಾ ಅವರು. ಇಲ್ಲಿಗೆ ಬಂದ್ರೆ ಮಾತ್ರ ಸುಮ್ಮನಿರ್ತಾರೆ."

"ಮಲಗಿದ ಮೇಲೆ ಮಾಡಿ."

"ಆ ಕೂಗಿಗೆ ಮಲಗಿದವರೆಲ್ಲ ಎದ್ದು ಬಾಗಿಲು ಬಡೀತಾರೆ. ಅಳತೆ ಅಳಿಸಿಬಿಟ್ರೆ?"

"ಮೊದಲಿದ್ದ ಹಾಗೇ. ಪಿಸುಪಿಸು, ಭೂಕಂಪ." ಮೆಕ್ಯಾನಿಕ್ ನಿಟ್ಟುಸಿರು ಬಿಟ್ಟ. "ಇಲ್ಲಾಂದ್ರೆ ಒಂದೇ ದಾರಿ ಸಾರ್. ಎಷ್ಟು ಜನ ಇದ್ರೋ ಅಷ್ಟು ಜನಾನ ಕೂರಿಸ್ಕೊಂಡು ನೋಡಿ."

ಗುಮಾಸ್ತ ಫೋನಿಟ್ಟ. ಆಮೇಲೆ ಎದುರುಮನೆಯ ಬಾಗಿಲು ತಟ್ಟಿದ.

"ಸ್ವಾಮಿ, ಇವತ್ತಿಂದ ದಿನಾ ಸಂಜೆ ನಮ್ಮನೆಗೆ ಬರ್ಬೇಕು. ಮನೆಯವರನ್ನೂ ಕರ್ಕೊಂಡು ಬನ್ನಿ. ಒಬ್ಬರೂ ತಪ್ಪಿಸ್ಕೋಬಾರ್ದು."

"ದಿನಾನಾ?" ಎಲ್ಲಬಲ್ಲವರು ಗದ್ದ ಸವರಿಕೊಂಡರು. "ನನಗೆ ಸಿನಿಮಾ ಅಂದ್ರೆ ಆಗಲ್ಲ ಕಣ್ರೀ. ವಾರ್ತೆ ಹಾಕೋದಾದ್ರೆ ಬರ್ತೀನಿ."

ಗುಮಾಸ್ತ ಒಮ್ಮೆ ಹಿಂತಿರುಗಿ ತನ್ನ ಖಾಲಿ ಕೋಣೆಯನ್ನು ನೋಡಿದ.

"ವಾರ್ತೆಯೇ ಹಾಕೋಣ ಸ್ವಾಮಿ," ಎಂದ. "ಬರೋವಾಗ ಮಾತ್ರ ಉಣ್ಣೆ ಶಾಲು ಹೊದ್ದುಕೊಂಡು ಬನ್ನಿ. ಗಾಡಿಯವನು ಒಬ್ಬ ಕಡಿಮೆ ಬೀಳ್ತಾನೆ."